ಗೆರೆಯಣ್ಣ ಬರೆಯದ ಸಾಲು

ಗೆರೆಯಣ್ಣನ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು ನಮ್ಮವರು ತಾವು ಕಟ್ಟಿದ ಗೋಡೆಯನ್ನು ತಾವೇ ಒಡೆದು ಬಂದ ದಿನ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ನಮ್ಮವರು ಮೇಸ್ತ್ರಿ. ಕಟ್ಟಿದ್ದನ್ನು ಒಡೆಯುವುದೆಂದರೆ ಅವರಿಗೆ ಹೆತ್ತ ಮಗುವಿಗೆ ಹೊಡೆದಷ್ಟು ಸಂಕಟ. ಅಂಥ ದಿನ ಅವರು ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಿನಲ್ಲೇ ನನಗೆ ತಿಳಿದುಬಿಡುತ್ತಿತ್ತು. ಅವತ್ತು ಮಾತ್ರ ತಲೆಗೂದಲ ತುಂಬ ಇಟ್ಟಿಗೆ ಪುಡಿ ತುಂಬಿಕೊಂಡು ನಗುತ್ತಾ ಬಂದರು.

"ಏನಾಯ್ತು?"

"ಗೋಡೆ ಒಡೆದೆ."

"ಒಡೆದು ಬಂದು ನಗ್ತಾ ಇದೀರಲ್ಲ, ತಲೆ ನೆಟ್ಟಗಿದೆಯಾ?"

"ಕೇಳಿಲ್ಲಿ. ಪ್ಲಾನಿನಲ್ಲಿದ್ದ ಒಂದರ ಅಂಕಿನ ನಾನು ಏಳು ಅಂತ ಓದ್ಕೊಂಡೆ. ಕಿಟಕಿ ಅಲ್ಲಿರಬೇಕಾದ್ದು ಇಲ್ಲಿ ಬಂದು ಕೂತಿತ್ತು. ಕಂಟ್ರಾಕ್ಟರು ಎಲ್ಲರ ಮುಂದೆ ನನ್ನ ಮರ್ಯಾದೆ ತೆಗೆದ. ಅಷ್ಟೊತ್ತಿಗೆ ಆಫೀಸಿಂದ ಆ ಪ್ಲಾನು ಬರೆದೋರೇ ಬಸ್ಸು ಹತ್ತಿ ಬಂದ್ರು. ಹಾಳೆ ನೋಡಿದ್ರು. 'ಮೇಸ್ತ್ರಿದಲ್ಲ, ತಪ್ಪು ನನ್ನದು. ನನ್ನ ಒಂದರ ತಲೆ ಜಾಸ್ತಿ ಬಾಗಿದೆ' ಅಂದ್ರು. ಅಂದು ಸುಮ್ಮನಿರಲಿಲ್ಲ, ಅಂಗಿ ತೋಳು ಮಡಚಿ ನನ್ನ ಜೊತೆ ಇಟ್ಟಿಗೆ ಎತ್ತಿ ಹಾಕಿದ್ರು ಕಣೇ. ಆಫೀಸಿನೋರ ಬಾಯಲ್ಲಿ 'ತಪ್ಪು ನನ್ನದು' ಅನ್ನೋ ಮಾತು ಹುಟ್ಟಿದಾಗಿಂದ ಕೇಳಿದೀಯಾ ನೀನು?"

"ನಾನು ಆಫೀಸಿನೋರನ್ನೇ ನೋಡಿಲ್ಲ," ಅಂದೆ.

"ಗೆರೆಯಣ್ಣ ಅಂತ. ಸೈಟಿನಲ್ಲಿ ಎಲ್ಲ ಹಾಗೇ ಕರೆಯೋದು. ದಿನವಿಡೀ ಗೆರೆ ಎಳೀತಾರಲ್ಲ, ಅದಕ್ಕೆ."

ಅಲ್ಲಿಂದ ಮುಂದೆ ಬಂದ ಹಾಳೆಗಳಲ್ಲಿ ಏಳರ ಸೊಂಟಕ್ಕೊಂದು ಅಡ್ಡಪಟ್ಟಿ ಬಂತು. ಒಂದರ ಅಂಕಿ ಕೋಲಿನ ಹಾಗೆ ನೆಟ್ಟಗೆ ನಿಂತಿತು. ಇದು ನನಗೆ ಹೇಗೆ ಗೊತ್ತೆಂದರೆ, ಕೆಲಸ ಮುಗಿದ ಹಳೆಯ ಹಾಳೆಗಳನ್ನು ನಮ್ಮವರು ಮನೆಗೆ ತರುತ್ತಿದ್ದರು. ನಾನು ಅವನ್ನು ಅಡುಗೆಮನೆಯ ಹಲಗೆಗಳ ಮೇಲೆ ಹಾಸಿ ಡಬ್ಬಿ ಜೋಡಿಸುತ್ತಿದ್ದೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಡಬ್ಬಿ ಎತ್ತಿದಾಗಲೆಲ್ಲ ಕೆಳಗೆ ಆ ಅಕ್ಷರ ಕಾಣುತ್ತಿತ್ತು. ಸಣ್ಣಗೆ, ಒತ್ತೊತ್ತಾಗಿ, ಬಲಕ್ಕೆ ಒಂದಿಷ್ಟೇ ವಾಲಿಕೊಂಡು, ತಲೆ ಮೇಲೆ ಹೊರೆ ಹೊತ್ತ ಹೆಂಗಸರು ಸಾಲಾಗಿ ನಡೆದ ಹಾಗೆ. ಮರೆತಿದ್ದ ಓದನ್ನು ನಾನು ಮತ್ತೆ ಕೂಡಿಸಿಕೊಂಡದ್ದು ಆ ಹಲಗೆಗಳ ಮೇಲೆ.

ಒಮ್ಮೆ ನಮ್ಮವರಿಗೆ ಜ್ವರ ಬಂದು, ಒಂದು ಹಾಳೆಯನ್ನು ವಾಪಸು ಕೊಡಲು ನಾನೇ ಆ ಆಫೀಸಿಗೆ ಹೋಗಿದ್ದೆ. ಮೆಟ್ಟಿಲು ಹತ್ತುವಾಗಲೇ ಪ್ರಿಂಟು ಹಾಕುವ ಯಂತ್ರದ ಘಾಟು ಕಣ್ಣಿಗೆ ಹೊಡೆಯಿತು. ಒಳಗೆ ಇಳಿಜಾರು ಮೇಜುಗಳ ಸಾಲು. ಕೊನೆಯ ಮೇಜಿನಲ್ಲಿ, ಶಾಯಿ ತಾಗದ ಹಾಗೆ ತೋಳಿಗೆ ಬಟ್ಟೆಯ ಚೀಲ ತೊಡಿಸಿಕೊಂಡು ಒಬ್ಬರು ಬಗ್ಗಿದ್ದರು. ನಾನು ಕೆಮ್ಮಿದೆ. ತಲೆ ಎತ್ತಲಿಲ್ಲ. ಪಕ್ಕದವನು, "ತಡೀರಮ್ಮ, ಅವರು ಅಕ್ಷರ ಹಾಕ್ತಾ ಇದಾರೆ, ಈಗ ಉಸಿರೂ ಬಿಡಲ್ಲ," ಅಂದ. ನಿಜವಾಗಿಯೂ ಬಿಡುತ್ತಿರಲಿಲ್ಲ. ಒಂದು ಪದ ಮುಗಿಸಿ, ಉಸಿರು ಬಿಟ್ಟು, ಮತ್ತೆ ಕಟ್ಟಿಕೊಂಡು ಮುಂದಿನ ಪದ. ಎಲ್ಲೋ ಒಂದು ಕಡೆ ಶಾಯಿ ಹರಡಿತೆಂದು ಬ್ಲೇಡಿನ ತುದಿಯಿಂದ ಹಾಳೆ ಹರಿಯದ ಹಾಗೆ ಕೆರೆದು ತೆಗೆದರು.

ನಾನು ಮೇಸ್ತ್ರಿಯ ಹೆಂಡತಿ ಎಂದು ತಿಳಿದ ಮೇಲೆ ಕೂರಿಸಿ ಚಹಾ ತರಿಸಿದರು. ಮಾತಿಗೆ ಏನಾದರೂ ಬೇಕಲ್ಲ, "ಗೆರೆಯೆಲ್ಲ ಆದ ಮೇಲೆ ಅಕ್ಷರ ಯಾಕಣ್ಣ ಕೊನೆಗೆ ಬರೀತೀರಿ?" ಎಂದು ಕೇಳಿದೆ.

"ಅಕ್ಷರ ಅಂದ್ರೆ ಬೀಗ, ತಂಗಿ. ಮನೆಯೊಳಗೆ ಎಲ್ಲ ಸರಿಯಾಗಿದೆ ಅಂತ ಒಂದು ಸುತ್ತು ಹಾಕಿ ನೋಡಿದ ಮೇಲೆ ಹಾಕೋದು. ಗೆರೆ ಯಾರಾದ್ರೂ ಎಳೀಲಿ. ನಾನು ಅಳತೆಪಟ್ಟಿ ಇಟ್ಟು ಮೂಲೆ ಮೂಲೆ ನೋಡದೆ ಒಂದು ಅಂಕಿನೂ ಬರೆಯಲ್ಲ."

ಈ ಮಾತು ಸೈಟಿನವರಿಗೆಲ್ಲ ಗೊತ್ತಿತ್ತು. ಗೆರೆಯಣ್ಣನ ಅಕ್ಷರ ಇದ್ದರೆ ಗೆರೆಯಣ್ಣ ನೋಡಿದ್ದಾರೆ. ನೋಡಿದ್ದಾರೆ ಎಂದರೆ ಸರಿ ಇದೆ. ಅಷ್ಟೇ ಲೆಕ್ಕ. ಬೇರೆಯವರ ಕೈಬರಹದ ಹಾಳೆ ಬಂದರೆ ನಮ್ಮವರು ಎರಡೆರಡು ಸಲ ಕೇಳದೆ ಕರಣೆ ಮುಟ್ಟುತ್ತಿರಲಿಲ್ಲ.

ಗೆರೆಯಣ್ಣ ಮದುವೆಯಾಗಲಿಲ್ಲ. ವಯಸ್ಸಾದ ತಾಯಿಯ ಜೊತೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದರು. ರಜದ ದಿನ ನಮ್ಮಲ್ಲಿಗೆ ಊಟಕ್ಕೆ ಬರುವುದು ರೂಢಿಯಾಯಿತು. ಬರುವಾಗ ಬರಿಗೈಯಲ್ಲಿ ಬರುತ್ತಿರಲಿಲ್ಲ. ನನ್ನ ಡಬ್ಬಿಗಳಿಗೆ ಸಕ್ಕರೆ, ಉಪ್ಪು, ಬೇಳೆ ಎಂದು ಚೀಟಿ ಬರೆದು ತರುತ್ತಿದ್ದರು. "ಅಣ್ಣ, ಉಪ್ಪು ಯಾವುದು ಸಕ್ಕರೆ ಯಾವುದು ಅಂತ ನನ್ನ ನಾಲಿಗೆಗೆ ಗೊತ್ತು," ಅಂದರೆ, "ನಿಮ್ಮ ಯಜಮಾನರಿಗೆ ಗೊತ್ತಾಗಲ್ಲವಲ್ಲ," ಅನ್ನುತ್ತಿದ್ದರು. ನಮ್ಮವರು ಒಂದು ಸಲ ಚಹಾಕ್ಕೆ ಉಪ್ಪು ಹಾಕಿದ್ದು ನಿಜ.

ಆಮೇಲೆ ಕಂಪ್ಯೂಟರು ಬಂತು. ಇಳಿಜಾರು ಮೇಜುಗಳು ಗುಜರಿಗೆ ಹೋದವು. ಗೆರೆಯಣ್ಣ ಕುಗ್ಗಿಹೋಗುತ್ತಾರೆ ಅಂದುಕೊಂಡಿದ್ದೆವು. ಇಲ್ಲ, ಚೆನ್ನಾಗಿಯೇ ಕಲಿತರು. ಅವರಿಗೆ ಒಗ್ಗದೆ ಹೋದದ್ದು ಒಂದೇ, ಅದರೊಳಗಿನ ಅಕ್ಷರ. ಊಟಕ್ಕೆ ಕೂತಾಗಲೂ ಅದೇ ದೂರು.

"ಫಾಂಟು ಅಂತಾರೆ ತಂಗಿ, ರಾಶಿ ರಾಶಿ ಇದಾವೆ. ಒಂದರಲ್ಲಿ ಮೂರಕ್ಕೂ ಎಂಟಕ್ಕೂ ವ್ಯತ್ಯಾಸ ಕಾಣಲ್ಲ. ಇನ್ನೊಂದು ಲಗ್ನಪತ್ರಿಕೆ ಥರ ಬಳುಕುತ್ತೆ. ಮತ್ತೊಂದನ್ನ ಸಣ್ಣದಾಗಿ ಪ್ರಿಂಟು ಹಾಕಿದ್ರೆ ಅಕ್ಷರದ ಹೊಟ್ಟೆಯೆಲ್ಲ ಶಾಯಿ ತುಂಬಿಕೊಳ್ಳುತ್ತೆ."

"ನಮಗೆ ಬರೋದು ಇರುವೆ ಸಾಲಿನಂಥದ್ದು," ಅಂದರು ನಮ್ಮವರು. "ಸಿಮೆಂಟು ಕೈಯಲ್ಲಿ ಹಿಡಿದು ನೋಡಿದ್ರೆ ಯಾವುದು ಅಂಕಿ, ಯಾವುದು ಧೂಳು ಗೊತ್ತಾಗಲ್ಲ. ದಿನಾ ನಿಮಗೆ ಫೋನು ಮಾಡಿ ಮಾಡಿ ನನ್ನ ಗಂಟಲು ಹೋಯ್ತು."

ಆಫೀಸಿನ ಯಜಮಾನರ ಮಗಳು ಓದು ಮುಗಿಸಿ ಬಂದು ತಂದೆಯ ಜೊತೆ ಕೆಲಸಕ್ಕೆ ಕೂತಿದ್ದಳು. ಚಿಕ್ಕ ಮೇಡಂ ಎಂದು ಎಲ್ಲರೂ ಕರೆಯುತ್ತಿದ್ದರು. ಅವಳೇ ದಾರಿ ತೋರಿಸಿದ್ದು. ನಿಮ್ಮ ಕೈಬರಹವನ್ನೇ ಫಾಂಟು ಮಾಡೋಣ, ನಮ್ಮ ಆಫೀಸಿನ ಹಾಳೆ ಎಂದರೆ ದೂರದಿಂದಲೇ ಗುರುತು ಸಿಗಬೇಕು, ಎಂದಳಂತೆ. ಗೆರೆಯಣ್ಣ ಚೌಕುಳಿ ಹಾಳೆಯ ಮೇಲೆ ಒಂದೊಂದೇ ಅಕ್ಷರ, ಒಂದೊಂದೇ ಅಂಕಿ ಬರೆದರು. ಒಂದು ಅಕ್ಷರಕ್ಕೆ ಒಂದು ಬೆಳಗು ಹೋದದ್ದೂ ಉಂಟು. ಅದು ಯಂತ್ರದೊಳಗೆ ಹೋಗಿ ಸಿದ್ಧವಾದ ಮೇಲೆ ಆಫೀಸಿನ ಒಂದೊಂದು ಕಂಪ್ಯೂಟರಿಗೂ ತಾವೇ ಕೂತು ಹಾಕಿದರು. ಹಾಕಿ, ಮುಚ್ಚಿ, ಮತ್ತೆ ತೆಗೆದು, ಏಳರ ಪಟ್ಟಿ ಸರಿ ಬಂತೇ ಎಂದು ನೋಡಿದರು. ಪ್ರಿಂಟು ಅಂಗಡಿಗಳಿಗೂ ಹೋಗಿ ಹಾಕಿ ಬಂದರು. ಆ ಫಾಂಟು ಇಲ್ಲದ ಯಂತ್ರದಲ್ಲಿ ಹಾಳೆ ತೆರೆದರೆ ಅಕ್ಷರದ ಜಾಗದಲ್ಲಿ ಬರೀ ಪ್ರಶ್ನೆಯ ಗುರುತು, ಇಲ್ಲವೇ ಒಂದರ ಮೇಲೊಂದು ಬಿದ್ದ ಸಾಲು. ಹಾಗಾಗಿ ಹಾಳೆ ಹೋದಲ್ಲೆಲ್ಲ ಅಕ್ಷರವೂ ಹೋಗಬೇಕಿತ್ತು.

ಮೊದಲ ಹಾಳೆ ಸೈಟಿಗೆ ಬಂದ ವಾರ ಅವರು ಊಟಕ್ಕೆ ಬಂದರು. ನಮ್ಮವರಿಗೆ ಹಬ್ಬವಾಗಿತ್ತು.

"ಹೊಸ ಪೆನ್ನು ಭಾರಿ ಚೆನ್ನಾಗಿದೆ ಅಣ್ಣ! ಬ್ಲೇಡು ಕೆರೆದ ಗುರುತೇ ಇಲ್ಲ. ಕಂಪ್ಯೂಟರಿನಲ್ಲೂ ನಿಮ್ಮ ಕೈ ಪಳಗಿಬಿಡ್ತು ನೋಡಿ."

ಗೆರೆಯಣ್ಣ ತುತ್ತು ಕೈಯಲ್ಲೇ ಹಿಡಿದು, "ಹೂಂ," ಎಂದು ನಕ್ಕರು. ಅಷ್ಟೇ. ನಾನೂ ಹಾಗೆಯೇ ತಿಳಿದಿದ್ದೆ. ಹಳೆಯ ಪೆನ್ನಿನ ಬದಲು ಹೊಸ ಪೆನ್ನು, ಬರೆಯುವವರು ಮಾತ್ರ ಅವರೇ. ಆಫೀಸಿನಲ್ಲಿ ಯಾರು ಗುಂಡಿ ಒತ್ತಿದರೂ, ನಿನ್ನೆ ಸೇರಿದವನು ಒತ್ತಿದರೂ, ಗೆರೆಯಣ್ಣನ ಕೈಯೇ ಬರುತ್ತದೆ ಎಂದು ಸಿಮೆಂಟು ಕಲೆಸುವವರಿಗೆ ಯಾರು ಹೇಳಬೇಕು?

ಒಂದು ಆಸ್ಪತ್ರೆಯ ಕಟ್ಟಡ. ಮುಂಬಾಗಿಲಿನ ಮೇಲೆ, ಗಾಡಿಗಳು ನಿಲ್ಲಲೆಂದು, ಕಂಬವಿಲ್ಲದೆ ಮುಂದಕ್ಕೆ ಚಾಚಿದ ಒಂದು ದೊಡ್ಡ ಸ್ಲ್ಯಾಬು. ಅಂಥದ್ದಕ್ಕೆ ಕೆಳಗೆ ಕೊಟ್ಟ ಸೆಂಟ್ರಿಂಗನ್ನು, ಎಂದರೆ ಆನಿಸಿದ ಕಂಬ ಹಲಗೆಗಳನ್ನು, ಬಹಳ ದಿನ ತೆಗೆಯಬಾರದು. ಕಾಂಕ್ರೀಟು ಒಣಗಿ ಗಟ್ಟಿಯಾಗಿ, ಅದನ್ನು ಒತ್ತಿ ಹಿಡಿಯುವ ಹಿಂದಿನ ಗೋಡೆಯ ಭಾರವೂ ಕೂತ ಮೇಲೆ ತೆಗೆಯಬೇಕು. ಇದು ನಮ್ಮವರಿಗೆ ಗೊತ್ತಿಲ್ಲದ್ದೇನಲ್ಲ. ಆ ಬೆಳಿಗ್ಗೆ ಹೊರಡುವಾಗ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡರು.

"ಏನು ಯೋಚನೆ?" ಅಂದೆ.

"ಇವತ್ತು ಸೆಂಟ್ರಿಂಗು ಬಿಚ್ಚು ಅಂತ ಹಾಳೆಯಲ್ಲಿದೆ. ಇಷ್ಟು ಬೇಗ ಬಿಚ್ಚೋದಾ ಅಂತ."

"ಒಂದು ಮಾತು ಕೇಳಿಬಿಡಿ ಮತ್ತೆ."

"ಯಾರನ್ನ ಕೇಳೋದು? ಗೆರೆಯಣ್ಣನೇ ಬರೆದಿದಾರೆ. ಕಬ್ಬಿಣ ಜಾಸ್ತಿ ಕೊಟ್ಟಿರಬೇಕು, ಲೆಕ್ಕ ಹಾಕದೆ ಅವರು ಬರೀತಾರಾ? ಕೇಳಿದ್ರೆ ಅವರನ್ನ ಅನುಮಾನಿಸಿದ ಹಾಗಾಗುತ್ತೆ."

ಮಧ್ಯಾಹ್ನದ ಊಟದ ಡಬ್ಬಿ ತೆರೆಯುವ ಮೊದಲೇ ಸ್ಲ್ಯಾಬು ಬಿತ್ತು. ಕೊನೆಯ ಕಂಬ ನಾನೇ ತೆಗೆಯುತ್ತೇನೆ, ನೀವು ದೂರ ನಿಲ್ಲಿ ಎಂದು ನಮ್ಮವರು ಕೂಲಿಯವರನ್ನು ಆಚೆ ಕಳಿಸಿದ್ದರಂತೆ. ಅದಕ್ಕೆ ಪ್ರಾಣ ಹೋದದ್ದು ಅವರೊಬ್ಬರದೇ. ಸೈಟಿಗೆ ನನ್ನನ್ನು ಬಿಡಲಿಲ್ಲ. ಬಿಡದಿದ್ದದ್ದೇ ಒಳ್ಳೆಯದಾಯಿತೆಂದು ನೋಡಿದವರು ಆಮೇಲೆ ಹೇಳಿದರು.

ವಿಚಾರಣೆಗೆ ನನ್ನನ್ನೂ ಕರೆದಿದ್ದರು. ಉದ್ದ ಮೇಜು, ಅದರ ಮೇಲೆ ಆ ಹಾಳೆ. ಕಂಟ್ರಾಕ್ಟರು ಹಾಳೆ ಹೀಗಿತ್ತು ಎಂದ. ಆಫೀಸಿನ ಯಜಮಾನರು ಮೇಸ್ತ್ರಿ ಅನುಭವಸ್ಥ, ಅನುಮಾನ ಬಂದಿದ್ದರೆ ಕೇಳಬೇಕಿತ್ತು ಎಂದರು. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿದ ಹಾಗೆ, ಎಲ್ಲರೂ ಸೇರಿ ಸತ್ತವರ ಬಾಯಿಗೆ ಒರೆಸುತ್ತಿದ್ದರು. ಆಮೇಲೆ ಗೆರೆಯಣ್ಣನ ಸರದಿ.

ಅಧಿಕಾರಿ ಹಾಳೆಯನ್ನು ಅವರ ಕಡೆ ತಿರುಗಿಸಿ, "ಇದು ನಿಮ್ಮ ಅಕ್ಷರ ತಾನೇ?" ಅಂದರು.

"ನನ್ನದೇ."

"ಅಂದ್ರೆ ನೀವೇ ಬರೆದದ್ದು."

"ಅಲ್ಲ. ಅಕ್ಷರ ನನ್ನದು. ಬರೆದದ್ದು ನಾನಲ್ಲ. ಈ ಹಾಳೆಯನ್ನ ನಾನು ಕಣ್ಣಲ್ಲೂ ನೋಡಿಲ್ಲ."

ಹಿಂದೆ ಕೂತಿದ್ದ ಯಾರೋ ಪಿಸಕ್ಕನೆ ನಕ್ಕರು. "ಅಡ್ಡಗೋಡೆ ಮೇಲೆ ದೀಪ ಇಡಬೇಡ್ರಿ," ಎಂದು ಅಧಿಕಾರಿ ಗದರಿದರು. ಗೆರೆಯಣ್ಣ ಹಾಳೆಯ ಮೇಲೆ ಬೆರಳಿಟ್ಟು ತೋರಿಸಿದರು. ಈ ಸಾಲಿನಲ್ಲಿ ಒಂದೇ ಅಕ್ಷರ ನಾಲ್ಕು ಕಡೆ ಬಂದಿದೆ, ನಾಲ್ಕೂ ಒಂದೇ ಅಚ್ಚು, ಮನುಷ್ಯನ ಕೈ ಹಾಗೆ ಬರೆಯಲ್ಲ, ಇದು ಕಂಪ್ಯೂಟರಿನ ಫಾಂಟು, ಎಂದು. ಯಾರಿಗೂ ತಾಳ್ಮೆ ಇರಲಿಲ್ಲ. ಆ ಸಾಲನ್ನು ಯಾವ ಹುಡುಗ ಬೇರೆ ಸಾಧಾರಣ ಸ್ಲ್ಯಾಬಿನ ಹಾಳೆಯಿಂದ ಎತ್ತಿ ಅಂಟಿಸಿದನೋ, ಯಾರು ನೋಡದೆ ಕಳಿಸಿದರೋ, ಆಫೀಸಿನಲ್ಲಿ ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಯಾರ ಮೇಲೂ ಏನೂ ನಿಲ್ಲಲಿಲ್ಲ. ಊರವರ ಬಾಯಲ್ಲಿ ಮಾತ್ರ ಅರ್ಧ ನಮ್ಮವರ ತಪ್ಪು, ಅರ್ಧ ಗೆರೆಯಣ್ಣನ ತಪ್ಪು ಎಂದು ನಿಂತುಹೋಯಿತು.

ಒಂದು ಸಂಜೆ ಗೆರೆಯಣ್ಣ ಮನೆಗೆ ಬಂದರು. ಒಳಗೆ ಬರಲಿಲ್ಲ. ಹೊಸ್ತಿಲ ಆಚೆ ಕುಕ್ಕರುಗಾಲಲ್ಲಿ ಕೂತರು.

"ತಂಗಿ, ಅವತ್ತು ಊಟಕ್ಕೆ ಕೂತಾಗ ಅವರು ಹೊಸ ಪೆನ್ನು ಚೆನ್ನಾಗಿದೆ ಅಂದ್ರಲ್ಲ. ಅವರು ತಪ್ಪು ತಿಳ್ಕೊಂಡಿದಾರೆ ಅಂತ ನನಗೆ ಆಗಲೇ ಗೊತ್ತಾಯ್ತು. ಇದು ಪೆನ್ನಲ್ಲ ಮೇಸ್ತ್ರಿ, ಯಾರು ಬೇಕಾದ್ರೂ ಒತ್ತಬಹುದು, ಇನ್ಮೇಲೆ ನನ್ನ ಅಕ್ಷರ ನಂಬಬೇಡಿ ಅಂತ ಹೇಳಬೇಕಿತ್ತು. ಬಾಯಿ ತುದಿಗೆ ಬಂದಿತ್ತು. ಹೊಗಳಿಕೆ ಸಿಹಿಯಾಗಿತ್ತು. ಹೂಂ ಅಂದುಬಿಟ್ಟೆ."

ನಾನು ಏನಂದೆ ಎಂದು ಮುಚ್ಚಿಟ್ಟು ಪ್ರಯೋಜನವಿಲ್ಲ. "ಎದ್ದು ಹೋಗಿ. ಆ ಹೂಂ ನುಂಗಿತು ನಮ್ಮವರನ್ನ," ಅಂದೆ. ಅವರು ಎದ್ದು ಹೋದರು. ಒಳಗೆ ಬಂದು ಡಬ್ಬಿಗಳ ಮೇಲಿನ ಚೀಟಿಗಳನ್ನೆಲ್ಲ ಕಿತ್ತೆ. ಗೋಂದು ಗಟ್ಟಿಯಾಗಿತ್ತು, ಅರ್ಧರ್ಧ ಬಂತು. ಆ ಮಾತಿಗೆ ನಾನು ಇವತ್ತಿಗೂ ಪಶ್ಚಾತ್ತಾಪ ಪಟ್ಟಿಲ್ಲ. ಅವರೂ ಅದು ಸುಳ್ಳು ಎನ್ನಲಿಲ್ಲ.

ಮುಂದಿನದ್ದು ನಮ್ಮವರ ಜೊತೆ ಕೆಲಸ ಮಾಡಿದ ಬಡಗಿಯೊಬ್ಬರಿಂದ ತಿಳಿದದ್ದು. ಗೆರೆಯಣ್ಣ ಒಂದು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಆಫೀಸಿಗೆ ಹೋಗಿ, ತಾವೇ ಹಾಕಿದ್ದ ಫಾಂಟನ್ನು ಒಂದೊಂದೇ ಕಂಪ್ಯೂಟರಿನಿಂದ ತೆಗೆದುಹಾಕಿದರು. ಉಳಿದವರು ಬಂದು ಹಾಳೆ ತೆರೆದರೆ ಎಲ್ಲೆಲ್ಲೂ ಪ್ರಶ್ನೆಯ ಗುರುತು, ಸಾಲುಗಳೆಲ್ಲ ಕಲಸುಮೇಲೋಗರ. ಆಫೀಸಿನಲ್ಲಿ ಹಾಹಾಕಾರ. ಚಿಕ್ಕ ಮೇಡಂ ತನ್ನ ಬ್ಯಾಗಿನಿಂದ ಪೆನ್‌ಡ್ರೈವ್ ತೆಗೆದು ಚಹಾ ಆರುವಷ್ಟರಲ್ಲಿ ಮತ್ತೆ ಎಲ್ಲದಕ್ಕೂ ಹಾಕಿಬಿಟ್ಟಳು. "ಅದು ಈಗ ನಿಮ್ಮದಲ್ಲ ಅಂಕಲ್, ಆಫೀಸಿಂದು," ಅಂದಳಂತೆ. ಅವತ್ತೇ ಅವರನ್ನು ಕೆಲಸದಿಂದ ಕಳಿಸಿದರು.

ನಾನು ಆಗ ಒಂದು ಬಟ್ಟೆ ಹೊಲಿಯುವ ಅಂಗಡಿಯಲ್ಲಿ ಗುಂಡಿ ಹಾಕುವ ಕೆಲಸಕ್ಕೆ ಸೇರಿದ್ದೆ. ಅದರ ಪಕ್ಕದಲ್ಲೇ ಪ್ರಿಂಟು ಅಂಗಡಿ. ಒಂದು ದಿನ ಅಲ್ಲಿ ಗೆರೆಯಣ್ಣನ ದನಿ ಕೇಳಿತು. ಇಣುಕಿದೆ. ಗಡ್ಡ ಬಿಟ್ಟಿದ್ದರು, ಅಂಗಿಯ ಕಾಲರು ಹರಿದಿತ್ತು.

"ಒಂದು ಉಪಕಾರ ಮಾಡಪ್ಪ. ನಿನ್ನ ಯಂತ್ರದಲ್ಲಿ ನನ್ನ ಫಾಂಟು ಇದೆ, ತೆಗೆದುಬಿಡು."

"ಯಾವುದು, ಆ ಪ್ಲಾನು ಅಕ್ಷರನಾ? ಯಾಕಜ್ಜ? ಎಲ್ಲರೂ ಅದನ್ನೇ ಕೇಳ್ತಾರೆ. ಮೊನ್ನೆ ಹೋಟೆಲಿನೋರು ಬೋರ್ಡಿಗೂ ಅದನ್ನೇ ಹಾಕಿಸಿಕೊಂಡ್ರು."

"ಅದನ್ನ ನಂಬಬಾರದು."

"ಅಕ್ಷರನ ನಂಬೋದೇನು ಬಿಡೋದೇನು ಅಜ್ಜ! ಅಕ್ಷರ ಏನು ಸಾಲ ಕೇಳುತ್ತಾ?" ಹುಡುಗ ನಕ್ಕ. ಕೆಟ್ಟವನಲ್ಲ, ಕೂರಲು ಸ್ಟೂಲು ಕೊಟ್ಟ. "ಸರಿ, ತೆಗೀತೀನಿ ಹೋಗಿ," ಅಂದ. ಅವರು ಹೋದ ಮೇಲೆ ನನ್ನ ಕಡೆ ತಿರುಗಿ, "ಪಾಪ, ವಾರಕ್ಕೊಂದ್ಸಲ ಬರ್ತಾರೆ," ಎಂದು ತನ್ನ ಕೆಲಸಕ್ಕೆ ಕೂತ. ತೆಗೆಯಲಿಲ್ಲ.

ನಾನು ಹಿಂದೆಯೇ ಹೋಗಿ ರಸ್ತೆಯಲ್ಲಿ ಅವರನ್ನು ನಿಲ್ಲಿಸಿದೆ. ಯಾಕೆ ಹೋದೆನೋ ಗೊತ್ತಿಲ್ಲ. "ಊಟ ಆಯ್ತಾ?" ಅಂದೆ. "ಆಯ್ತು ತಂಗಿ," ಅಂದರು. ಆಗಿರಲಿಲ್ಲ ಎಂದು ಮುಖ ನೋಡಿದರೆ ತಿಳಿಯುತ್ತಿತ್ತು. ನನ್ನ ಡಬ್ಬಿ ಕೊಟ್ಟೆ. ಆಮೇಲಿಂದ ಒಮ್ಮೊಮ್ಮೆ ಕೊಡುತ್ತಿದ್ದೆ. ಪ್ರೀತಿಯೋ, ಹಳೆಯ ರೂಢಿಯೋ, ಅದನ್ನು ತೂಗಿ ನೋಡಲು ನಾನು ಹೋಗಲಿಲ್ಲ.

ಅವರು ಬರೆಯುವುದನ್ನು ಬಿಟ್ಟರು. ಪೂರ್ತಿ ಬಿಟ್ಟರು. ತಾಯಿ ತೀರಿಕೊಂಡಾಗ ಸಾವು ಬರೆಸುವ ಕಚೇರಿಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು. ನಾನು ಜೊತೆಗಿದ್ದೆ. ಗುಮಾಸ್ತ, "ಓದು ಬರಹ ಬರಲ್ವಾ?" ಎಂದಾಗ "ಇಲ್ಲ" ಅಂದರು. ಶಾಯಿ ಹತ್ತಿದ ಹೆಬ್ಬೆರಳನ್ನು ಗೋಡೆಗೆ ಉಜ್ಜುತ್ತಾ ನಿಂತರು.

ಎರಡು ಮಳೆಗಾಲ ಕಳೆದ ಮೇಲೆ ಬಲಗಡೆಗೆ ಲಕ್ವ ಹೊಡೆಯಿತು. ಮನೆಯ ಮಾಲೀಕರು ಆಸ್ಪತ್ರೆಗೆ ಸೇರಿಸಿ ಕೈತೊಳೆದುಕೊಂಡರು. ಬಡಗಿ ಹೇಳಿ ಕಳಿಸಿದ್ದಕ್ಕೆ ನಾನು ಹೋದೆ. ಉದ್ದನೆಯ ವಾರ್ಡು, ಎರಡೂ ಕಡೆ ಕಬ್ಬಿಣದ ಮಂಚ, ಫಿನೈಲಿನ ವಾಸನೆ. ಎಡಕ್ಕೆ ಮುಖ ಮಾಡಿಸಿ ಮಲಗಿಸಿದ್ದರು. ತಾವಾಗಿ ಹೊರಳಲು ಆಗುತ್ತಿರಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದರು. ನಿದ್ದೆಯಲ್ಲ. ರೆಪ್ಪೆ ಅದುರುತ್ತಿತ್ತು.

"ಎರಡು ದಿನದಿಂದ ಹೀಗೇ," ಅಂದಳು ನರ್ಸು. "ಔಷಧಿ ಕುಡಿಸೋವಾಗಲೂ ಕಣ್ಣು ಬಿಡಲ್ಲ. ನಿಮ್ಮ ಅಣ್ಣನಾ?"

"ಹೂಂ," ಅಂದೆ.

ನಾನು ತಂದ ಗಂಜಿಯನ್ನು ಚಮಚದಲ್ಲಿ ತುಟಿಗೆ ಹಿಡಿದೆ. ನನ್ನ ದನಿ ಕೇಳಿ ಅವರು ಕಣ್ಣು ಬಿಟ್ಟರು. ನನ್ನನ್ನು ನೋಡಿದರು. ಆಮೇಲೆ ನನ್ನ ಭುಜದ ಆಚೆ ನೋಡಿ ಮತ್ತೆ ಮುಚ್ಚಿಕೊಂಡರು. ತಿರುಗಿ ನೋಡಿದೆ. ಕೈ ತೊಳೆಯುವ ತೊಟ್ಟಿಯ ಮೇಲೆ ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿದ್ದರು. ರೋಗಿಗಳು ಹೀಗಿರಬೇಕು, ನೋಡಲು ಬಂದವರು ಹಾಗಿರಬೇಕು, ಯಾವ ಔಷಧಿ ಯಾವ ಹೊತ್ತಿಗೆ, ಎಲ್ಲ ಅದರಲ್ಲಿತ್ತು. ಸಣ್ಣಗೆ, ಒತ್ತೊತ್ತಾಗಿ, ಬಲಕ್ಕೆ ಒಂದಿಷ್ಟೇ ವಾಲಿದ ಅಕ್ಷರ. ಏಳರ ಸೊಂಟಕ್ಕೆ ಅಡ್ಡಪಟ್ಟಿ.

ಅವರ ತುಟಿ ಅಲುಗಿತು. ನಾಲಿಗೆ ಹೊರಳುತ್ತಿರಲಿಲ್ಲ. ಕಿವಿ ತೀರ ಹತ್ತಿರ ಇಟ್ಟೆ. ಒಂದೊಂದು ಪದಕ್ಕೂ ಉಸಿರು ಕಟ್ಟಿ, ಬಿಟ್ಟು, ಮತ್ತೆ ಕಟ್ಟಿ ಕೇಳಿದರು.

"ತಂಗಿ, ನನ್ನನ್ನ ಆ ಕಡೆಗೆ ಹೊರಳಿಸ್ತೀಯಾ? ಆ ಗೋಡೆ ಮೇಲೆ ಏನೂ ಬರೆದಿಲ್ಲ ತಾನೇ?"